ಎರಡು ಮಡಿಕೆ ಕಪ್ಪು ಬಟ್ಟೆ

1697ರ ಜನವರಿ 14. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯಕ್ಕೆಲ್ಲ ಅವತ್ತು ಉಪವಾಸ, ಪ್ರಾರ್ಥನೆಯ ದಿನ. ಬಾಸ್ಟನ್ನಿನ ಚರ್ಚಿಗೆ ಸ್ಯಾಮ್ಯುಯೆಲ್ ಸೀವಾಲ್ ಎಂಬ ನ್ಯಾಯಾಧೀಶ ಒಂದು ಚೀಟಿ ಬರೆದುಕೊಂಡು ಬಂದಿದ್ದ. ಪಾದ್ರಿ ಪಕ್ಕದಲ್ಲಿ ಹಾದು ಹೋಗುವಾಗ ಅದನ್ನು ಅವರ ಕೈಗೆ ಕೊಟ್ಟ. ಪಾದ್ರಿ ಅದನ್ನು ಎಲ್ಲರೆದುರು ಓದಿ ಮುಗಿಸುವವರೆಗೂ ಎದ್ದು ನಿಂತಿದ್ದ. ಓದಿ ಆದ ಮೇಲೆ ತಲೆ ಬಾಗಿಸಿದ. ಐದು ವರ್ಷದ ಹಿಂದೆ ಸೇಲಂ ಊರಿನಲ್ಲಿ ಮಾಟ ಮಾಡಿದ್ದಾರೆಂದು ಜನರನ್ನು ನೇಣಿಗೆ ಹಾಕಿದ ಕೋರ್ಟಿನಲ್ಲಿ ನಾನೂ ಕೂತಿದ್ದೆ, ಅದರ ತಪ್ಪನ್ನೂ ನಾಚಿಕೆಯನ್ನೂ ನಾನು ಹೊರುತ್ತೇನೆ, ಕ್ಷಮಿಸಿ. ಇದು ಆ ಚೀಟಿಯ ಸಾರ. ಅದಕ್ಕೆ ಹಿಂದಿನ ತಿಂಗಳು ಅವನ ಎರಡು ವರ್ಷದ ಮಗಳು ತೀರಿಕೊಂಡಿದ್ದಳು. ದೇವರು ತನಗೆ ಏನೋ ಹೇಳುತ್ತಿದ್ದಾನೆ ಎಂದು ಅವನಿಗೆ ಅನ್ನಿಸಿತ್ತು.

ಅದೇ ಕೋರ್ಟಿನಲ್ಲಿ ಕೂತಿದ್ದ ಇನ್ನೊಬ್ಬ ಜಾನ್ ಹಾಥಾರ್ನ್. ಆರೋಪ ಹೊತ್ತವರನ್ನು ಮೊದಲ ಸುತ್ತಿನಲ್ಲಿ ಪ್ರಶ್ನೆ ಮಾಡಿದವರಲ್ಲಿ ಇವನೇ ಮುಂದು. ಸಾರಾ ಗುಡ್ ಎಂಬ ಬಡ ಹೆಂಗಸನ್ನು ಎದುರು ನಿಲ್ಲಿಸಿಕೊಂಡು ಅವನು ಕೇಳಿದ ಮೊದಲ ಪ್ರಶ್ನೆ, ಯಾವ ದುಷ್ಟ ಶಕ್ತಿಯ ಜೊತೆ ನಿನ್ನ ಒಡನಾಟ? ಒಡನಾಟ ಇದೆಯೇ ಅಂತ ಕೇಳಲಿಲ್ಲ. ಇದೆ ಅಂತಲೇ ಇಟ್ಟುಕೊಂಡು ಕೇಳಿದ. ಒಟ್ಟು 19 ಜನ ಗಲ್ಲಿಗೇರಿದರು. ಉತ್ತರ ಕೊಡಲು ಒಪ್ಪದ ಮುದುಕ ಜೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಜಾನ್ ಹಾಥಾರ್ನ್ ಯಾವ ಚರ್ಚಿನಲ್ಲೂ ಎದ್ದು ನಿಂತ ದಾಖಲೆ ಇಲ್ಲ. 1717ರಲ್ಲಿ ಸತ್ತ. ಸೇಲಂನ ಹಳೆಯ ಸ್ಮಶಾನದಲ್ಲಿ ಅವನ ಸಮಾಧಿ ಇವತ್ತಿಗೂ ಇದೆ.

ಅವನ ಮೊಮ್ಮಗನ ಮೊಮ್ಮಗ ಕತೆಗಾರ ನಥಾನಿಯಲ್ ಹಾಥಾರ್ನ್. 1804ರಲ್ಲಿ ಅದೇ ಸೇಲಂನಲ್ಲಿ ಹುಟ್ಟಿದ. ಮನೆತನದ ಹೆಸರಿನ ಸ್ಪೆಲ್ಲಿಂಗಿಗೆ ಒಂದು ಅಕ್ಷರ ಸೇರಿಸಿಕೊಂಡು ಬರೆಯತೊಡಗಿದ. ಆ ಹಿರಿಯರಿಂದ ದೂರ ಸರಿಯಲು ಹಾಗೆ ಮಾಡಿದ ಎಂದು ಹೇಳುವವರುಂಟು. ಆದರೆ ದೂರ ಸರಿದದ್ದೇನೂ ಇಲ್ಲ. 1850ರ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ಮುನ್ನುಡಿಯಲ್ಲಿ ತನ್ನ ಪೂರ್ವಜರ ಪರವಾಗಿ ಆ ನಾಚಿಕೆಯನ್ನು ನಾನು ಹೊರುತ್ತೇನೆ ಎಂದು ನೇರವಾಗಿ ಬರೆದ. ಸೀವಾಲ್ ಚೀಟಿಯಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ ಮಾತು. ಒಬ್ಬ ಐದು ವರ್ಷಕ್ಕೆ ಹೇಳಿದ. ಇನ್ನೊಬ್ಬನ ಮನೆತನದಿಂದ ಆ ಮಾತು ಬರಲು ಒಂದೂವರೆ ಶತಮಾನ ಬೇಕಾಯಿತು.

ಇಷ್ಟು ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ಹಾಥಾರ್ನ್ ಕತೆಗಳಲ್ಲಿ ಬರುವ ಬಚ್ಚಿಟ್ಟ ಪಾಪ ಬರೀ ಸಾಹಿತ್ಯದ ಅಲಂಕಾರ ಅಲ್ಲ. ಅವನಿಗೆ ಅದು ಮನೆಯ ವಿಷಯ. ಮುಸುಕು, ರಿಬ್ಬನ್, ಕರವಸ್ತ್ರ ಅಂತ ಅವನು ಕತೆಯಿಂದ ಕತೆಗೆ ಒಂದೊಂದು ಸಣ್ಣ ಬಟ್ಟೆ ತುಂಡು ಹಿಡಿದುಕೊಂಡು ಬರುತ್ತಾನೆ. ಆ ತುಂಡಿನ ಹಿಂದೆ ಏನಿದೆ ಎಂದು ಹೇಳುವುದೇ ಇಲ್ಲ, ಅಥವಾ ಹೇಳಿದರೂ ನಾವು ಅಂದುಕೊಂಡದ್ದಲ್ಲ ಅದು.

ಡಿಗ್ರಿಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡವರಿಗೆ ಇದು ಗೊತ್ತಿರುತ್ತದೆ. ಹಾಥಾರ್ನ್‌ನ 'ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್' ಕತೆಯಲ್ಲಿ ಪಾದ್ರಿ ಹಾಕಿಕೊಳ್ಳುವ ಕಪ್ಪು ಮುಸುಕಿನ ಸಾಂಕೇತಿಕತೆಯನ್ನು ವಿವರಿಸಿ, ಹತ್ತು ಅಂಕ. ಗೈಡಿನಲ್ಲಿ ಉತ್ತರ ರೆಡಿ ಇರುತ್ತಿತ್ತು. ಮುಸುಕು ಅಂದರೆ ಗುಪ್ತ ಪಾಪ, ಕಾಡು ಅಂದರೆ ಕೆಡುಕು, ಗುಲಾಬಿ ಬಣ್ಣ ಅಂದರೆ ಮುಗ್ಧತೆ. ಬರೆದರೆ ಅಂಕ ಬರುತ್ತಿತ್ತು, ಸುಳ್ಳೂ ಅಲ್ಲ. ಆದರೆ ಈ ಲೆಕ್ಕದಲ್ಲಿ ಓದಿದರೆ ಕತೆ ಅಲ್ಲಿಗೇ ಮುಗಿದುಹೋಗುತ್ತದೆ. ನನಗೆ ಈ ಕತೆಗಳು ಹಿಡಿದದ್ದು ಅಂಕದ ಚಿಂತೆ ಬಿಟ್ಟು ಎಷ್ಟೋ ವರ್ಷ ಆದ ಮೇಲೆ, ಸಂಕೇತದ ಅರ್ಥ ಹುಡುಕುವ ಬದಲು ಅದನ್ನು ಯಾರು ನೋಡುತ್ತಿದ್ದಾರೆ ಅಂತ ಗಮನಿಸತೊಡಗಿದಾಗ.

ಸೇಲಂ, ಬಾಸ್ಟನ್ ಕಡೆ ನೆಲೆಸಿದ್ದ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರು, ಅಂದರೆ ಆ ಕಾಲದ ಪ್ಯೂರಿಟನ್ನರ ಬದುಕನ್ನೂ ಸ್ವಲ್ಪ ತಿಳಿದಿರಬೇಕು. ನಮ್ಮ ಕಡೆ ತಪ್ಪಾಯಿತು ಅನ್ನಿಸಿದರೆ ತಪ್ಪುಕಾಣಿಕೆ ಕಟ್ಟಿಡುತ್ತಾರೆ. ದೇವರ ಹುಂಡಿಗೆ ಹಾಕಿ, ಕೆನ್ನೆ ಬಡಿದುಕೊಂಡು, ಮನಸ್ಸು ಹಗುರ ಮಾಡಿಕೊಂಡು ಬರುತ್ತಾರೆ. ಕ್ಯಾಥೊಲಿಕ್ಕರಿಗೆ ಪಾದ್ರಿಯ ಕಿವಿಯಲ್ಲಿ ಹೇಳಿಕೊಳ್ಳುವ ದಾರಿ ಇತ್ತು. ಪ್ಯೂರಿಟನ್ನರು ಆ ಬಾಗಿಲನ್ನೇ ಮುಚ್ಚಿಬಿಟ್ಟರು. ಯಾರಿಗೆ ಮೋಕ್ಷ, ಯಾರಿಗೆ ನರಕ ಅಂತ ದೇವರು ಮೊದಲೇ ತೀರ್ಮಾನ ಮಾಡಿಯಾಗಿದೆ ಎಂದು ಅವರು ನಂಬಿದ್ದರು. ಚರ್ಚಿನ ಪೂರ್ಣ ಸದಸ್ಯನಾಗಬೇಕಾದರೆ ದೇವರ ಕೃಪೆ ತನಗೆ ಸಿಕ್ಕಿದೆ ಎಂದು ಜನರೆದುರು ತೋರಿಸಿಕೊಡಬೇಕಿತ್ತು. ಹಾಗಾಗಿ ಪ್ರತಿಯೊಬ್ಬನೂ ದಿನವೂ ತನ್ನೊಳಗೆ ಇಣುಕಬೇಕು, ಕಂಡದ್ದಕ್ಕೆ ಹೆದರಬೇಕು, ಹೊರಗೆ ಮಾತ್ರ ಸರಿಯಾಗಿ ಕಾಣಬೇಕು. ಇಂಥ ಊರಿನಲ್ಲಿ ಮುಚ್ಚಿಡುವುದು ಎಲ್ಲರಿಗೂ ಅಭ್ಯಾಸವಾಗಿರುತ್ತದೆ ಅಲ್ವಾ?

ಸೇಲಂನಲ್ಲಿ ಇದು ಎಲ್ಲಿಗೆ ಮುಟ್ಟಿತು ಎಂದರೆ, 'ಹೌದು, ನಾನು ಮಾಟಗಾತಿ' ಎಂದು ಸುಳ್ಳೇ ಒಪ್ಪಿಕೊಂಡವರು ಬದುಕಿದರು. ಇಲ್ಲ ಎಂದು ನಿಜ ಹೇಳಿದವರು ನೇಣಿಗೇರಿದರು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಎಂಬವನು ಮೊದಲು ಒಪ್ಪಿಕೊಂಡ. ಆಮೇಲೆ ಅದು ಸುಳ್ಳು ಅಂತ ಮಾತು ಹಿಂದೆ ತೆಗೆದುಕೊಂಡ. ಅವನನ್ನೂ ಗಲ್ಲಿಗೆ ಹಾಕಿದರು. ಪಾಪ ಒಪ್ಪಿಕೊಳ್ಳುವ ಮಾತಿಗೇ ಅಲ್ಲಿ ಬೆಲೆ ಹೋಗಿಬಿಟ್ಟಿತ್ತು. ಹಾಥಾರ್ನ್ ಪಾತ್ರಗಳು ಬಾಯಿ ಬಿಡುವುದೇ ಇಲ್ಲ ಎಂಬುದನ್ನು ಓದುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಅವನ ಕತೆಗಳಲ್ಲಿ ಎಲ್ಲರೂ ಓದುವುದು ಮುಸುಕಿನ ಕತೆ, ಕಾಡಿನ ಕತೆ. ನಾನು ಮೊದಲು ಕೈಗೆ ಕೊಡುವುದು 'ರೋಜರ್ ಮಾಲ್ವಿನ್ಸ್ ಬರಿಯಲ್'. 1832ರದ್ದು. ತಪ್ಪಿತಸ್ಥ ಭಾವನೆ ಮನುಷ್ಯನೊಳಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಇದಕ್ಕಿಂತ ಹತ್ತಿರದಿಂದ ಹಿಡಿದ ಕತೆ ನನಗೆ ಗೊತ್ತಿಲ್ಲ.

1725ರಲ್ಲಿ ಬಿಳಿಯರಿಗೂ ಅಲ್ಲಿನ ಮೂಲನಿವಾಸಿಗಳಿಗೂ ಒಂದು ಕಾಳಗ ಆಯಿತು. ಅದರಲ್ಲಿ ಗಾಯಗೊಂಡ ಇಬ್ಬರು ಕಾಡಿನಲ್ಲಿ ಮನೆ ಕಡೆ ನಡೆಯುತ್ತಿದ್ದಾರೆ. ಮುದುಕ ರೋಜರ್ ಮಾಲ್ವಿನ್, ಯುವಕ ರೂಬೆನ್ ಬೋರ್ನ್. ರೋಜರ್‌ನ ಮಗಳು ಡಾರ್ಕಸ್‌ಳನ್ನು ರೂಬೆನ್ ಮದುವೆ ಆಗುವವನು. ಸಮಾಧಿ ಕಲ್ಲಿನ ಹಾಗೆ ಎದ್ದು ನಿಂತ ದೊಡ್ಡ ಬಂಡೆ. ಅದರ ಬುಡದಲ್ಲಿ ರೋಜರ್ ಮಲಗಿದ್ದಾನೆ. ಇನ್ನು ನಡೆಯಲಾರ. ನೀನು ಹೋಗು ಮಗಾ, ಇಬ್ಬರೂ ಸಾಯುವುದರಲ್ಲಿ ಅರ್ಥ ಇಲ್ಲ ಎಂದು ಅವನೇ ಹೇಳುತ್ತಾನೆ. ರೂಬೆನ್ ಒಪ್ಪುವುದಿಲ್ಲ. ಹಿಂದೊಮ್ಮೆ ಗೆಳೆಯನನ್ನು ಹೀಗೇ ಬಿಟ್ಟು ಹೋಗಿ ಸಹಾಯ ಕರೆತಂದೆ, ಅವನು ಬದುಕಿದ ಅಂತ ಮುದುಕ ಕತೆ ಹೇಳಿ ಆಸೆ ಹುಟ್ಟಿಸುತ್ತಾನೆ. ಸತ್ತಿದ್ದರೆ ಬಂದು ಹೂಳು, ಒಂದು ಪ್ರಾರ್ಥನೆ ಹೇಳು. ಇಷ್ಟೇ ಅವನ ಬೇಡಿಕೆ. ರೂಬೆನ್ ಬಂಡೆಯ ಪಕ್ಕದ ಎಳೆಯ ಓಕ್ ಗಿಡದ ತುದಿಗೆ ತನ್ನ ರಕ್ತ ಹತ್ತಿದ ಕರವಸ್ತ್ರ ಕಟ್ಟುತ್ತಾನೆ. ವಾಪಸ್ ಬರುತ್ತೇನೆ ಎಂದು ಆ ರಕ್ತದ ಮೇಲೆ ಆಣೆ. ಸ್ವಲ್ಪ ದೂರ ಹೋಗಿ, ಬುಡಮೇಲಾದ ಮರದ ಬೇರಿನ ಮರೆಯಲ್ಲಿ ನಿಂತು ಹಿಂದಿರುಗಿ ನೋಡುತ್ತಾನೆ. ಮುದುಕ ಕೈ ಎತ್ತಿ ಪ್ರಾರ್ಥಿಸುತ್ತಿದ್ದಾನೆ.

ಇಲ್ಲಿಯವರೆಗೆ ರೂಬೆನ್ ಮಾಡಿದ್ದರಲ್ಲಿ ತಪ್ಪೇನಿದೆ? ಏನೂ ಇಲ್ಲ. ತಪ್ಪು ಆಗುವುದು ಊರಿನಲ್ಲಿ. ಅರೆಪ್ರಜ್ಞೆಯಲ್ಲಿ ಸಿಕ್ಕ ರೂಬೆನ್‌ನನ್ನು ಜನ ಎತ್ತಿ ತರುತ್ತಾರೆ. ಡಾರ್ಕಸ್ಸೇ ಆರೈಕೆ ಮಾಡುತ್ತಾಳೆ. ಎಚ್ಚರ ಬಂದ ಮೇಲೆ ಅಪ್ಪನ ಬಗ್ಗೆ ಕೇಳುತ್ತಾಳೆ. ಇವನು ಹೇಳಲು ಶುರು ಮಾಡುತ್ತಾನೆ, ಪೂರ್ತಿ ಹೇಳುವ ಧೈರ್ಯ ಬರುವುದಿಲ್ಲ. ಕಾಡಿನಲ್ಲಿ ಅಪ್ಪನಿಗೆ ಗುಂಡಿ ತೋಡಿದೆಯಾ ಎಂದು ಅವಳೇ ಕೇಳುತ್ತಾಳೆ. ಕೈಯಲ್ಲಿ ಶಕ್ತಿ ಇರಲಿಲ್ಲ, ಆದಷ್ಟು ಮಾಡಿದೆ ಅನ್ನುತ್ತಾನೆ. ಅವನ ತಲೆಯ ಹತ್ತಿರ ಒಳ್ಳೆ ಸಮಾಧಿ ಕಲ್ಲು ನಿಂತಿದೆ ಅನ್ನುತ್ತಾನೆ.

ಈ ಉತ್ತರವನ್ನು ಬಿಡಿಸಿ ನೋಡಿ. ಒಂದೊಂದು ಮಾತೂ ನಿಜ. ಕೈಯಲ್ಲಿ ಶಕ್ತಿ ಇರಲಿಲ್ಲ, ನಿಜ. ಕಲ್ಲು ನಿಂತಿದೆ, ಅದೂ ನಿಜ. ಒಟ್ಟಿಗೆ ಸೇರಿದಾಗ ಸುಳ್ಳು. ಊರವರು ಇವನನ್ನು ಹೊಗಳುತ್ತಾರೆ. ಸಾಯುವ ಮುದುಕನನ್ನು ಕೈಬಿಡದ ಹುಡುಗ ಅನ್ನುತ್ತಾರೆ. ಹೊಗಳಿಕೆ ಜಾಸ್ತಿ ಆದಷ್ಟೂ ನಿಜ ಹೇಳುವುದು ಕಷ್ಟ. ವಾಪಸ್ ಹೋಗಿ ಹೂಳೋಣ ಎಂದರೆ ಹೂಳಿಲ್ಲ ಎಂಬುದು ಬಯಲಾಗುತ್ತದೆ. ಹಾಗಾಗಿ ಹೋಗುವುದೂ ಇಲ್ಲ. ಸರಿಯಾಗಿಯೇ ಮಾಡಿದ ಕೆಲಸವನ್ನು ಮುಚ್ಚಿಟ್ಟದ್ದರಿಂದ ಅದಕ್ಕೆ ಪಾಪದ ಪರಿಣಾಮ ಬಂತು ಎಂದು ಹಾಥಾರ್ನ್ ಇಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ನನ್ನ ಮಟ್ಟಿಗೆ ಅವನ ಅಷ್ಟೂ ಕತೆಗಳಿಗೆ ಇದೇ ಬೀಗದ ಕೈ.

ಮುಂದೆ ರೂಬೆನ್ ಸಿಡುಕನಾಗುತ್ತಾನೆ. ಜಮೀನು ಹಾಳಾಗುತ್ತದೆ. ಹೆಂಡತಿ, ಹದಿನೈದು ವರ್ಷದ ಮಗ ಸೈರಸ್‌ನನ್ನು ಕಟ್ಟಿಕೊಂಡು ಹೊಸ ಜಾಗ ಹುಡುಕಿ ಕಾಡಿಗೆ ಹೊರಡುತ್ತಾನೆ. ಪ್ರಯಾಣದ ಐದನೆಯ ದಿನ ಮೇ 12. ಅಪ್ಪ ಸತ್ತು ಇವತ್ತಿಗೆ ಹದಿನೆಂಟು ವರ್ಷ ಎಂದು ಡಾರ್ಕಸ್ ನೆನೆಯುತ್ತಾಳೆ. ಕೊನೆಗಾಲದಲ್ಲಿ ನೀವು ಜೊತೆಗಿದ್ದಿರಲ್ಲ, ಅದೇ ಸಮಾಧಾನ ಅನ್ನುತ್ತಾಳೆ. ಪಾಪ, ಅವಳಿಗೇನು ಗೊತ್ತು. ಸಂಜೆ ಪೊದೆಯಲ್ಲಿ ಏನೋ ಅಲ್ಲಾಡಿದ್ದು ಕಂಡು ರೂಬೆನ್ ಗುಂಡು ಹಾರಿಸುತ್ತಾನೆ. ಹತ್ತಿರ ಹೋಗಿ ನೋಡಿದರೆ ಅದೇ ಬಂಡೆ. ಆ ಎಳೆಯ ಗಿಡ ಈಗ ದೊಡ್ಡ ಮರ. ಕೆಳಗಿನ ಕೊಂಬೆಗಳೆಲ್ಲ ಹಸಿರು. ಕರವಸ್ತ್ರ ಕಟ್ಟಿದ್ದ ತುದಿಯ ಕೊಂಬೆ ಮಾತ್ರ ಒಣಗಿ ನಿಂತಿದೆ. ಬಂಡೆಯ ಬುಡದಲ್ಲಿ ಬಿದ್ದಿರುವುದು ಮಗನ ಹೆಣ.

ಆ ಒಣಗಿದ ಕೊಂಬೆ ಮುರಿದು ಪುಡಿಪುಡಿಯಾಗಿ ಬೀಳುತ್ತದೆ. ರೂಬೆನ್ ಎಷ್ಟೋ ವರ್ಷದ ಮೇಲೆ ಮೊದಲ ಸಲ ಪ್ರಾರ್ಥಿಸುತ್ತಾನೆ. ಅವನ ಪಾಪ ತೀರಿತು ಎಂದು ಕತೆ ಮುಗಿಯುತ್ತದೆ. ಈ ಕೊನೆಯನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಅಪ್ಪ ಹೇಳದ ಒಂದು ಮಾತಿಗೆ ಮಗ ಯಾಕೆ ಸಾಯಬೇಕು? ಡಾರ್ಕಸ್ ಏನು ಮಾಡಿದ್ದಳು? ಅಪ್ಪನನ್ನು ಕಳೆದುಕೊಂಡ ಜಾಗದಲ್ಲೇ ಮಗನನ್ನೂ ಕಳೆದುಕೊಂಡ ಅವಳಿಗೆ ಯಾವ ಬಿಡುಗಡೆ ಸಿಕ್ಕಿತು? ಹಾಥಾರ್ನ್ ಒಳಗಿದ್ದ ಹಳೆಯ ಪ್ಯೂರಿಟನ್ ಈ ಕೊನೆಯನ್ನು ಬರೆಸಿದ ಅಂತ ನನಗೆ ಅನ್ನಿಸುತ್ತದೆ. ಮಗಳ ಸಾವಿನಲ್ಲಿ ದೇವರ ಮಾತು ಕೇಳಿಸಿಕೊಂಡ ಸೀವಾಲ್‌ನ ದೇವರೇ ಇಲ್ಲೂ ಇದ್ದಾನೆ. ಆದರೆ ಹಾಸಿಗೆಯ ಪಕ್ಕ ನಡೆಯುವ ಆ ಅರ್ಧ ಸತ್ಯದ ಮಾತುಕತೆ ಇದೆಯಲ್ಲ, ಅದು ಎಲ್ಲ ಕಾಲದ, ಎಲ್ಲ ಮನೆಗಳ ಮಾತುಕತೆ.

'ಯಂಗ್ ಗುಡ್‌ಮನ್ ಬ್ರೌನ್' ಕತೆ ನಮ್ಮನ್ನು ನೇರವಾಗಿ ಸೇಲಂಗೆ ಕರೆದುಕೊಂಡು ಹೋಗುತ್ತದೆ. 1835ರಲ್ಲಿ ಬಂದದ್ದು. ಮದುವೆಯಾಗಿ ಮೂರು ತಿಂಗಳ ಗಂಡ ಒಂದು ರಾತ್ರಿ ಕಾಡಿಗೆ ಹೊರಡುತ್ತಾನೆ. ಹೆಂಡತಿಯ ಹೆಸರು ಫೇತ್, ಅಂದರೆ ನಂಬಿಕೆ. ಟೋಪಿಯಲ್ಲಿ ಗುಲಾಬಿ ರಿಬ್ಬನ್. ಇವತ್ತೊಂದು ರಾತ್ರಿ ಹೋಗಬೇಡಿ ಅನ್ನುತ್ತಾಳೆ. ಕೇಳುವುದಿಲ್ಲ. ದಾರಿಯಲ್ಲಿ ಹಾವಿನ ಹಾಗೆ ಕಾಣುವ ಕೋಲು ಹಿಡಿದ ಒಬ್ಬ ಸಿಗುತ್ತಾನೆ. ನಿಮ್ಮಜ್ಜ ಕ್ವೇಕರ್ ಹೆಂಗಸನ್ನು ಸೇಲಂ ಬೀದಿಯಲ್ಲಿ ಚಾಟಿಯಿಂದ ಹೊಡೆಯುವಾಗ ನಾನೇ ಸಹಾಯ ಮಾಡಿದ್ದು, ನಿಮ್ಮಪ್ಪ ಮೂಲನಿವಾಸಿಗಳ ಹಳ್ಳಿಗೆ ಬೆಂಕಿ ಇಟ್ಟಾಗ ಕೊಳ್ಳಿ ಕೊಟ್ಟದ್ದೂ ನಾನೇ ಅನ್ನುತ್ತಾನೆ. ಪ್ಯೂರಿಟನ್ನರಿಗೆ ಆಗದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಂಗಸನ್ನು ಹೊಡೆಸಿದ್ದು ಕಟ್ಟುಕತೆ ಅಲ್ಲ. ಜಾನ್ ಹಾಥಾರ್ನ್‌ನ ಅಪ್ಪ ವಿಲಿಯಂ ಹಾಗೆ ಮಾಡಿಸಿದ್ದ. ಕತೆಗಾರ ತನ್ನ ವಂಶದ ಲೆಕ್ಕವನ್ನು ಸೈತಾನನ ಬಾಯಿಂದ ಹೇಳಿಸುತ್ತಿದ್ದಾನೆ.

ಕಾಡಿನ ನಡುವೆ ನಾಲ್ಕು ಪೈನ್ ಮರ ಹೊತ್ತಿ ಉರಿಯುತ್ತಿವೆ. ಊರಿನ ದೊಡ್ಡವರೆಲ್ಲ ಸೈತಾನನ ಪೂಜೆಗೆ ಸೇರಿದ್ದಾರೆ. ಬ್ರೌನ್‌ಗೆ ಚಿಕ್ಕಂದಿನಲ್ಲಿ ಧರ್ಮದ ಪಾಠ ಹೇಳಿಕೊಟ್ಟ ಅಜ್ಜಿ ಗೂಡಿ ಕ್ಲಾಯ್ಸ್ ಬರುತ್ತಾಳೆ. ಮಾರ್ತಾ ಕ್ಯಾರಿಯರ್ ಇದ್ದಾಳೆ. ಇವೆಲ್ಲ 1692ರ ನಿಜವಾದ ಹೆಸರುಗಳು. ಸಾರಾ ಕ್ಲಾಯ್ಸ್ ಜೈಲು ಕಂಡು ಬದುಕಿ ಬಂದವಳು. ಮಾರ್ತಾ ಕ್ಯಾರಿಯರ್‌ಗೆ ಗಲ್ಲು ಆಯಿತು. ಇಬ್ಬರೂ ನಿರಪರಾಧಿಗಳು. ಅಂಥವರನ್ನು ಹಾಥಾರ್ನ್ ಮಾಟಗಾತಿಯರಾಗಿಯೇ ಯಾಕೆ ತಂದ? ಮುತ್ತಾತಂದಿರು ಮಾಡಿದ ಅನ್ಯಾಯವನ್ನು ಇವನೂ ಮುಂದುವರಿಸಿದನಾ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಉತ್ತರ ಆ ಕೋರ್ಟಿನ ರೀತಿಯಲ್ಲೇ ಇದೆ. ಸೇಲಂನಲ್ಲಿ ಸಾಕ್ಷಿ ಅಂದರೆ ಏನು? ಇವಳ ಆಕಾರ ರಾತ್ರಿ ನನ್ನ ಮಂಚದ ಹತ್ತಿರ ಬಂದು ನನ್ನನ್ನು ಹಿಸುಕಿತು ಎಂದು ಯಾರಾದರೂ ಹೇಳಿದರೆ ಕೋರ್ಟು ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿ ಮಲಗಿದ್ದರೂ ಬಿಡುತ್ತಿರಲಿಲ್ಲ. ಬ್ರೌನ್ ಮಾಡುವುದೂ ಅದನ್ನೇ. ಕತ್ತಲಲ್ಲಿ ಆಕಾರಗಳನ್ನು ನೋಡುತ್ತಾನೆ, ದನಿ ಕೇಳುತ್ತಾನೆ, ತೀರ್ಪು ಕೊಡುತ್ತಾನೆ. ಆಕಾಶದಿಂದ ಒಂದು ಗುಲಾಬಿ ರಿಬ್ಬನ್ ಕೆಳಗೆ ಬರುತ್ತದೆ. ಅದನ್ನು ಹಿಡಿದು, ನನ್ನ ಫೇತ್ ಹೋದಳು ಎಂದು ಕೂಗುತ್ತಾನೆ. ಬೆಳಿಗ್ಗೆ ಊರಿಗೆ ಬಂದರೆ ಫೇತ್ ಬೀದಿಯಲ್ಲಿ ಓಡಿ ಬರುತ್ತಿದ್ದಾಳೆ. ತಲೆಯ ಮೇಲೆ ಗುಲಾಬಿ ರಿಬ್ಬನ್ ಹಾಗೇ ಇದೆ.

ಬ್ರೌನ್ ಅದನ್ನು ನೋಡುತ್ತಾನೆ. ನೋಡಿಯೂ ಮಾತಾಡಿಸದೆ ಮುಂದೆ ಹೋಗುತ್ತಾನೆ. ಕನಸೇ ಇರಬಹುದಲ್ಲವೇ ಎಂದು ಹಾಥಾರ್ನ್ ನಮ್ಮನ್ನು ಕೇಳುತ್ತಾನೆ. ಬ್ರೌನ್ ಮಾತ್ರ ತನ್ನನ್ನು ತಾನು ಹಾಗೆ ಕೇಳಿಕೊಳ್ಳುವುದಿಲ್ಲ. ನಿನ್ನೆ ರಾತ್ರಿ ಎಲ್ಲಿದ್ದೆ ಎಂದು ಹೆಂಡತಿಯನ್ನೂ ಕೇಳುವುದಿಲ್ಲ. ಕೇಳಿದರೆ ತಾನೆಲ್ಲಿದ್ದೆ ಎಂಬುದನ್ನೂ ಹೇಳಬೇಕಾಗುತ್ತದೆ! ಕಾಡಿಗೆ ಹೋಗುವ ಮಾತು ಕೊಟ್ಟಿದ್ದವನು ಅವನೇ ತಾನೇ. ತನ್ನದನ್ನು ಮುಚ್ಚಿಕೊಂಡು ಊರಿನವರ ಪಾಪವನ್ನೆಲ್ಲ ಕಂಡವನ ಹಾಗೆ ಅವನು ಬದುಕಿದ. ಮುದುಕನಾಗಿ ಸತ್ತಾಗ ಅವನ ಸಮಾಧಿಯ ಮೇಲೆ ಒಂದು ಒಳ್ಳೆ ಮಾತು ಕೆತ್ತಲಿಲ್ಲ.

ಹಾಥಾರ್ನ್ ಕಾಲದ ಇನ್ನೊಬ್ಬ ಅಮೆರಿಕನ್ ಕತೆಗಾರ ಎಡ್ಗರ್ ಅಲನ್ ಪೋ ಕತೆಗಳಲ್ಲಿ ಇದೆಲ್ಲ ಇನ್ನೊಂದು ಕಡೆಯಿಂದ ಬರುತ್ತದೆ. ಅದಕ್ಕೂ ಸೇಲಂಗೂ ಒಂದು ನಂಟಿದೆ ಎನ್ನುತ್ತಾರೆ. 1830ರ ಏಪ್ರಿಲ್‌ನಲ್ಲಿ ಸೇಲಂನ ಶ್ರೀಮಂತ ಮುದುಕ ಜೋಸೆಫ್ ವೈಟ್‌ನನ್ನು ಹಾಸಿಗೆಯಲ್ಲೇ ಯಾರೋ ಕೊಂದರು. ಕೊಲೆಗಾರನಿಗೆ ಸುಪಾರಿ ಕೊಟ್ಟವರು ನ್ಯಾಪ್ ಸಹೋದರರು. ಕೊಂದವನು ಜೈಲಿನಲ್ಲಿ ನೇಣು ಹಾಕಿಕೊಂಡ. ಸರ್ಕಾರದ ಪರ ವಾದಿಸಿದ್ದು ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್. ಪಾಪಿಯ ಮನಸ್ಸು ತನ್ನ ಗುಟ್ಟನ್ನು ತಾನೇ ಉಳಿಸಿಕೊಳ್ಳಲಾರದು, ಗುಟ್ಟು ಇವನ ಕೈಯಲ್ಲಿ ಇರುವುದು ಹೋಗಿ ಇವನೇ ಗುಟ್ಟಿನ ಕೈಗೆ ಸಿಗುತ್ತಾನೆ ಎಂಬ ಅರ್ಥದ ಮಾತು ಅವನ ಭಾಷಣದಲ್ಲಿದೆ. ಕೊಲೆ ನಡೆದಾಗ ಹಾಥಾರ್ನ್ ಸೇಲಂನಲ್ಲೇ ಇದ್ದ, ಇಪ್ಪತ್ತೈದರ ಹುಡುಗ. ಪೋ 1843ರಲ್ಲಿ ಬರೆದ 'ದಿ ಟೆಲ್-ಟೇಲ್ ಹಾರ್ಟ್' ಮೇಲೆ ಆ ಭಾಷಣದ ನೆರಳಿದೆ ಎಂದು ವಿಮರ್ಶಕರು ಹೇಳುತ್ತಾರೆ. ಕತೆ ನಿಮಗೆ ಗೊತ್ತಿರಬಹುದು. ಮುದುಕನನ್ನು ಕೊಂದು ನೆಲದ ಹಲಗೆಯ ಕೆಳಗೆ ಹೂತವನು, ಪೊಲೀಸರು ಬಂದಾಗ ಅದೇ ಹಲಗೆಯ ಮೇಲೆ ಕುರ್ಚಿ ಹಾಕಿಕೊಂಡು ಹರಟೆ ಹೊಡೆಯುತ್ತಾನೆ. ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದು ಕೇಳಿಸತೊಡಗುತ್ತದೆ. ಸತ್ತವನ ಎದೆ ಬಡಿತ ಎಂದು ಕಿರುಚಿ ತಾನೇ ಒಪ್ಪಿಕೊಳ್ಳುತ್ತಾನೆ. ಬಹಳ ಬಿಗಿಯಾದ ಕತೆ. ಆದರೆ ಒಪ್ಪಿಕೊಂಡ ಕ್ಷಣಕ್ಕೆ ಮುಗಿಯುತ್ತದೆ. ಗುಟ್ಟನ್ನು ಒಳಗಿಟ್ಟುಕೊಂಡು ಮೂವತ್ತು, ನಲವತ್ತು ವರ್ಷ ಊಟ ಮಾಡಿ, ಹೊಲ ಉತ್ತು, ಮಕ್ಕಳನ್ನು ಸಾಕಿದವರ ಕಷ್ಟ ಪೋಗೆ ಬೇಕಿರಲಿಲ್ಲ.

ಪೋ ಹೆಸರು ಇನ್ನೊಂದು ಕಾರಣಕ್ಕೂ ಇಲ್ಲಿ ಬರಬೇಕು. 1842ರಲ್ಲಿ ಅವನು ಹಾಥಾರ್ನ್ ಕತೆಗಳ ವಿಮರ್ಶೆ ಬರೆದ. 'ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್' ಕತೆಯ ಗುಟ್ಟನ್ನು ಪತ್ತೆದಾರನ ಹಾಗೆ ಬಿಡಿಸಿದ. ಆ ಪಾದ್ರಿ ಮುಸುಕು ಹಾಕಿದ ದಿನವೇ ಒಬ್ಬ ಹುಡುಗಿಯ ಶವಸಂಸ್ಕಾರ ನಡೆಯುತ್ತದೆ. ಅವಳಿಗೆ ಸಂಬಂಧಪಟ್ಟ ಯಾವುದೋ ಘೋರ ಅಪರಾಧ ಅವನಿಂದ ಆಗಿದೆ ಎಂದು ಪೋ ಅಂದುಕೊಂಡ. ಸುಳಿವುಗಳೂ ಇವೆ. ಶವದ ಮೇಲೆ ಪಾದ್ರಿ ಬಾಗಿದಾಗ ಶವ ನಡುಗಿತು ಎಂದು ಒಬ್ಬ ಮುದುಕಿ ಹೇಳುತ್ತಾಳೆ. ಆದರೂ ಇದು ಮಿಲ್‌ಫೋರ್ಡ್ ಊರಿನ ಜನ ಕೇಳಿದ ಪ್ರಶ್ನೆಯೇ ಅಲ್ಲವೇ? ಇವನು ಏನು ಮಾಡಿದ? ಯಾರ ಜೊತೆ? ಮುಸುಕನ್ನು ಕಂಡ ಕೂಡಲೇ ಎಲ್ಲರ ಬಾಯಲ್ಲಿ ಅದೇ. ಕತೆ ತೋರಿಸುವುದು ಆ ಕೇಳುವವರನ್ನು.

1836ರ ಒಂದು ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಕತೆ ಇದು. ಮೂವತ್ತು ವರ್ಷದ ಪಾದ್ರಿ ಹೂಪರ್ ಒಂದು ಭಾನುವಾರ ಮುಖಕ್ಕೆ ಕಪ್ಪು ಕ್ರೇಪ್ ಬಟ್ಟೆ ಇಳಿಬಿಟ್ಟುಕೊಂಡು ಬರುತ್ತಾನೆ. ಎರಡೇ ಎರಡು ಮಡಿಕೆ. ಬಾಯಿ, ಗದ್ದ ಬಿಟ್ಟು ಉಳಿದ ಮುಖ ಮುಚ್ಚಿದೆ. ಉಸಿರಿಗೆ ಬಟ್ಟೆ ಅಲ್ಲಾಡುತ್ತದೆ. ಅವನಿಗೆ ಹೊರಗಿನದು ಕಾಣುತ್ತದೆ, ಆದರೆ ನೋಡಿದ್ದಕ್ಕೆಲ್ಲ ಕಪ್ಪು ಛಾಯೆ. ಅವತ್ತಿನ ಉಪದೇಶ ಬಚ್ಚಿಟ್ಟ ಪಾಪದ ಬಗ್ಗೆ. ಹತ್ತಿರದವರಿಂದ, ನಮ್ಮ ಮನಸ್ಸಿನಿಂದಲೇ ನಾವು ಅಡಗಿಸಿಡುವ ವಿಷಯಗಳ ಬಗ್ಗೆ. ಕೇಳಿದ ಪ್ರತಿಯೊಬ್ಬರಿಗೂ ಪಾದ್ರಿ ತಮ್ಮ ಎದೆಯೊಳಗೆ ಇಣುಕಿದ ಹಾಗಾಯಿತು. ಪೂಜೆ ಮುಗಿದ ಮೇಲೆ, ಹೆಚ್ಚುಕಡಿಮೆ ಪ್ರತಿ ಭಾನುವಾರ ಊಟಕ್ಕೆ ಕರೆಯುತ್ತಿದ್ದ ಊರಿನ ಹಿರಿಯ ಸಾಂಡರ್ಸ್ ಅವತ್ತು ಕರೆಯುವುದನ್ನು ಮರೆತುಬಿಟ್ಟ. ನನಗೆ ಈ ಕತೆಯಲ್ಲಿ ಬಹಳ ನೋವು ಕೊಡುವ ವಾಕ್ಯ ಇದು. ಯಾರೂ ಜಗಳ ಆಡಲಿಲ್ಲ, ಬೈಯಲಿಲ್ಲ. ಸುಮ್ನೆ ಊಟಕ್ಕೆ ಕರೆಯಲಿಲ್ಲ.

ವಿಚಾರಿಸಲು ಊರಿನವರು ಹಿರಿಯರ ತಂಡ ಕಳಿಸುತ್ತಾರೆ. ಅವರು ಹೋಗಿ ಎದುರು ಕೂತು, ಮಾತೇ ಹೊರಡದೆ ಎದ್ದು ಬರುತ್ತಾರೆ. ಮುಖಕ್ಕೇ ಕೇಳಿದವಳು ಒಬ್ಬಳೇ. ಮದುವೆಗೆ ಮಾತಾಗಿದ್ದ ಎಲಿಜಬೆತ್. ಈ ಬಟ್ಟೆಯಲ್ಲಿ ಹೆದರುವಂಥದ್ದು ಏನಿಲ್ಲ, ನಾನು ನೋಡಲು ಇಷ್ಟಪಡುವ ಮುಖವನ್ನು ಮುಚ್ಚಿದೆ ಅಷ್ಟೇ, ತೆಗೆಯಿರಿ ಅನ್ನುತ್ತಾಳೆ. ಆಗುವುದಿಲ್ಲ ಅನ್ನುತ್ತಾನೆ. ಜನ ಏನೇನೋ ಮಾತಾಡುತ್ತಾರೆ ಅನ್ನುತ್ತಾಳೆ. ದುಃಖಕ್ಕೆ ಮುಚ್ಚಿಕೊಂಡಿದ್ದರೆ ಕಾರಣ ಬೇಕಾದಷ್ಟಿದೆ, ಪಾಪಕ್ಕೆ ಮುಚ್ಚಿಕೊಂಡಿದ್ದರೆ ಯಾರು ತಾನೇ ಮುಚ್ಚಿಕೊಳ್ಳಬೇಕಾಗಿಲ್ಲ ಅನ್ನುತ್ತಾನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಒಮ್ಮೆಲೇ ಅವಳಿಗೂ ಹೆದರಿಕೆ ಹತ್ತುತ್ತದೆ. ಅವಳು ಹೊರಟಾಗ ಹೂಪರ್ ಬೇಡಿಕೊಳ್ಳುತ್ತಾನೆ. ನನ್ನನ್ನು ಬಿಟ್ಟು ಹೋಗಬೇಡ, ಇದರ ಹಿಂದೆ ನಾನು ಎಷ್ಟು ಒಂಟಿ, ಎಷ್ಟು ಹೆದರಿದ್ದೇನೆ ನಿನಗೆ ಗೊತ್ತಿಲ್ಲ. ಅವಳು ಹೇಳುತ್ತಾಳೆ, ಒಂದೇ ಒಂದು ಸಲ ಎತ್ತಿ ನನ್ನ ಮುಖ ನೋಡಿ. ಇಲ್ಲ, ಎಂದಿಗೂ ಇಲ್ಲ. ಹಾಗಾದರೆ ಬರುತ್ತೇನೆ.

ಹೂಪರ್ ಸಂತ ಎಂದು ಓದುವವರಿದ್ದಾರೆ. ಎಲ್ಲರೂ ಮುಚ್ಚಿಡುವುದನ್ನು ಅವನು ಮುಖದ ಮೇಲೆ ಹೊತ್ತುಕೊಂಡ, ಅದೂ ಒಂದು ಬಗೆಯ ತ್ಯಾಗ ಅನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಸಾಯುವ ಪಾಪಿಗಳು ಹೂಪರ್ ಬರುವವರೆಗೂ ಪ್ರಾಣ ಬಿಡುತ್ತಿರಲಿಲ್ಲ ಎಂದು ಹಾಥಾರ್ನ್ ಬರೆಯುತ್ತಾನೆ. ನಮ್ಮ ಹಾಗೇ ಒಬ್ಬ ಎಂದು ಅವರಿಗೆ ಅನ್ನಿಸಿರಬೇಕು. ಪಾಪದ ಬಗ್ಗೆ ಅವನು ಹೇಳಿದ್ದೆಲ್ಲ ಸರಿ ಎಂದೇ ಇಟ್ಟುಕೊಳ್ಳೋಣ. ಆದರೂ ನಾನು ಎಲಿಜಬೆತ್ ಕಡೆ. ಊರಿಗೆಲ್ಲ ಮುಚ್ಚಿಡಬೇಡಿ ಎಂದು ಬೋಧಿಸುವವನಿಗೆ, ಪ್ರೀತಿಸುವ ಒಬ್ಬಳ ಎದುರು, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಂದು ಕ್ಷಣಕ್ಕೆ ಬಟ್ಟೆ ಎತ್ತಲು ಆಗಲಿಲ್ಲ. ಹಾಥಾರ್ನ್ ಇದನ್ನು ತಿಳಿದೇ ಬರೆದಿದ್ದಾನೆ. ಹೂಪರ್ ಕನ್ನಡಿ ಎದುರು ಹಾದು ಹೋಗುವುದಿಲ್ಲ, ನಿಂತ ನೀರಿಗೆ ಬಗ್ಗಿ ಕುಡಿಯುವುದಿಲ್ಲ. ಮಕ್ಕಳು ಆಟ ಬಿಟ್ಟು ಓಡಿ ಹೋಗುತ್ತವೆ. ಅದನ್ನು ಕಂಡು ಅವನಿಗೆ ದುಃಖವಾಗುತ್ತದೆ. ಆದರೂ ತೆಗೆಯುವುದಿಲ್ಲ.

ವರ್ಷಗಳು ಕಳೆದು ಅವನು ಸಾಯಲು ಮಲಗಿದಾಗ ತಲೆದೆಸೆಯಲ್ಲಿ ಕೂತು ಆರೈಕೆ ಮಾಡುವವಳು ಎಲಿಜಬೆತ್ತೇ. ಜ್ವರದ ಭ್ರಮೆಯಲ್ಲಿ ಮುಸುಕು ಜಾರಿದರೆ, ತಾನು ಆ ಕಡೆ ಮುಖ ತಿರುಗಿಸಿಕೊಂಡು ಅದನ್ನು ಸರಿಮಾಡಲು ಅವಳು ಸಿದ್ಧಳಿದ್ದಳು. ಒಂದು ಕಾಲದಲ್ಲಿ ತೆಗೆಯಿರಿ ಎಂದವಳು ಈಗ ಅದನ್ನು ಕಾಯುತ್ತಿದ್ದಾಳೆ. ಸೋತು ಒಪ್ಪಿಕೊಂಡಳು ಎಂದು ನಾನು ಇದನ್ನು ಓದುವುದಿಲ್ಲ. ನಾನು ಕೇಳಿದ್ದೆ, ಇವನು ಕೊಡಲಿಲ್ಲ. ಕೊಡದಿದ್ದನ್ನು ಎಚ್ಚರ ತಪ್ಪಿದಾಗ ಕದ್ದು ನೋಡುವುದಿಲ್ಲ. ಇಷ್ಟೇ ಅವಳ ನಿಲುವು.

ಪಕ್ಕದೂರಿನ ಪಾದ್ರಿ ಮುಸುಕು ತೆಗೆಯಲು ಬಂದಾಗ ಹೂಪರ್ ಎರಡು ಕೈಯಿಂದ ಅದನ್ನು ಒತ್ತಿ ಹಿಡಿದು, ಸುತ್ತ ನೋಡಿದರೆ ನನಗೆ ಪ್ರತಿ ಮುಖದ ಮೇಲೂ ಕಪ್ಪು ಮುಸುಕು ಕಾಣುತ್ತಿದೆ ಎಂದು ಹೇಳಿ ಪ್ರಾಣ ಬಿಡುತ್ತಾನೆ. ಪರೀಕ್ಷೆಯ ಉತ್ತರಗಳೆಲ್ಲ ಈ ಮಾತಿಗೆ ಬಂದು ನಿಲ್ಲುತ್ತವೆ, ಕತೆಯ ನೀತಿ ಇದೇ ಎಂಬಂತೆ. ಆದರೆ ಆ ಕೋಣೆಯಲ್ಲಿ ಎಲಿಜಬೆತ್ ಇದ್ದಳು. ಕೇಳಬೇಕಾದ್ದನ್ನು ಅವಳು ಎದುರಿಗೇ ಕೇಳಿದ್ದಳು. ಹೆದರಿಕೆ ಆದಾಗ ಅದನ್ನೂ ಅಡಗಿಸಲಿಲ್ಲ. ಹೊರಟು ಹೋಗುವಾಗಲೂ ಯಾಕೆ ಹೋಗುತ್ತಿದ್ದೇನೆ ಎಂದು ಹೇಳಿಯೇ ಹೋದಳು. ಅವಳ ಮುಖದ ಮೇಲೆ ಯಾವ ಮುಸುಕೂ ಇರಲಿಲ್ಲ. ಹೂಪರ್‌ಗೆ ಅಲ್ಲೂ ಕಪ್ಪು ಕಂಡಿತು, ಯಾಕೆಂದರೆ ಅಷ್ಟು ವರ್ಷವೂ ಅವನು ಅವಳನ್ನು ನೋಡಿದ್ದು ಆ ಬಟ್ಟೆಯ ಮೂಲಕ.